ದೊಡ್ಡ ಸಿಕ್ಲಿಡ್ ಸಪ್ಪಗಾದಾಗ ಎಲ್ಲಿಂದ ಹುಡುಕಬೇಕು? ಮುಂಬೈ ಫ್ಲ್ಯಾಟ್‌ನವರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಆಸ್ಕರ್, ಫ್ಲವರ್‌ಹಾರ್ನ್, ಗ್ರೀನ್ ಟೆರರ್, ಜಾಗ್ವಾರ್, ಪ್ಯಾರಟ್. ಮುಂಬೈ ಕಡೆಯ ನಮ್ಮವರ ಮನೆಗಳಲ್ಲಿ ಸಿಕ್ಲಿಡ್ ಕುಟುಂಬದ ಈ ದೊಡ್ಡ ಅಕ್ವೇರಿಯಂ ಮೀನುಗಳು ಸಾಕಷ್ಟಿವೆ. ಕೆಲವರು ಇಷ್ಟಪಟ್ಟು ತಂದದ್ದು, ಕೆಲವರು ಫ್ಲವರ್‌ಹಾರ್ನ್ ಮನೆಗೆ ಅದೃಷ್ಟ ತರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ತಂದದ್ದು. ಮೀನು ಸಪ್ಪಗಾದ ದಿನ ಮಾತ್ರ ಎಲ್ಲರ ಪ್ರಶ್ನೆಯೂ ಒಂದೇ: "ಯಾವ ಔಷಧಿ ಹಾಕಲಿ?"

ಆ ಪ್ರಶ್ನೆ ಸ್ವಲ್ಪ ತಡೆಯಲಿ. ಹತ್ತರಲ್ಲಿ ಎಂಟು ಸಲ ತೊಂದರೆ ನೀರಿನಲ್ಲಿರುತ್ತದೆ, ಮೀನಿನಲ್ಲಿ ಅಲ್ಲ. ನೀಲಿ ಬಾಟಲಿಗೆ ಕೈ ಹಾಕುವ ಮುಂಚೆ ಬಕೆಟ್‌ಗೆ ಕೈ ಹಾಕಿ. ಅಂಗಡಿಯ ಆ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಫಿಲ್ಟರ್‌ನಲ್ಲಿ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆಗ ಇದ್ದ ಒಂದು ತೊಂದರೆ ಎರಡಾಗುತ್ತದೆ.

ಕಣ್ಣಿಗೆ ಏನು ಕಾಣುತ್ತಿದೆಯೋ ಆ ಶೀರ್ಷಿಕೆಗೆ ನೇರವಾಗಿ ಹೋಗಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಕೈ ಒದ್ದೆ ಮಾಡುವ ಮುಂಚೆ

ಹೀಟರ್, ಫಿಲ್ಟರ್, ಲೈಟ್ ಎಲ್ಲದರ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಟ್ಟೇ ನೀರಿಗೆ ಕೈ ಹಾಕಿ. ನೀರು ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಬಿರುಕು ಬಿಟ್ಟ ಹೀಟರ್ ಗಾಜಿನಿಂದ ಹೀಗಾಗುವುದು ಜಾಸ್ತಿ. ದೊಡ್ಡ ಆಸ್ಕರ್ ಬಾಲ ಬೀಸಿ ಹೀಟರ್ ಒಡೆಯುವುದು ಅಪರೂಪವೇನಲ್ಲ. ವೈರ್‌ಗಳು ಪ್ಲಗ್‌ಗೆ ಹೋಗುವ ಮುಂಚೆ ಕೆಳಗೆ ಜೋತು ಬಿದ್ದಿರಲಿ. ಆಗ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ತನಕ ಹರಿಯುವುದಿಲ್ಲ. ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿಲ್ಲದಿದ್ದರೆ ಹಾಕಿಸಿ.

ಕೈಯಲ್ಲಿ ಗಾಯವಿದ್ದರೆ ಉದ್ದ ಗ್ಲೌಸ್ ತೊಡಿ. ಅಕ್ವೇರಿಯಂ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಂ ಎಂಬ ಜೀವಾಣು ಚರ್ಮಕ್ಕೆ ತಗುಲಿದರೆ ವಾಸಿಯಾಗಲು ತಿಂಗಳುಗಳು ಬೇಕು. ಬೆರಳ ಮೇಲೆ ಗಂಟು ಬಂದು ವಾರಗಟ್ಟಲೆ ಹೋಗದಿದ್ದರೆ ವೈದ್ಯರಲ್ಲಿಗೆ ಹೋಗಿ, ಮನೆಯಲ್ಲಿ ಮೀನು ಸಾಕುತ್ತೇನೆ ಅಂತ ಮರೆಯದೆ ಹೇಳಿ. ಪೈಪ್‌ನ ತುದಿಯನ್ನು ಬಾಯಿಂದ ಎಳೆದು ನೀರು ಹರಿಸುವ ಅಭ್ಯಾಸವನ್ನಂತೂ ಬಿಟ್ಟುಬಿಡಿ.

ಸಾಮಾನು ಹೆಚ್ಚೇನೂ ಬೇಡ. ಒಂದು ಥರ್ಮಾಮೀಟರ್, ಅಮೋನಿಯಾ-ನೈಟ್ರೈಟ್-ನೈಟ್ರೇಟ್ (ಮೀನಿನ ಹೊಲಸಿನಿಂದ ನೀರಿಗೆ ಸೇರುವವು) ಮತ್ತು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡುವ ದ್ರವದ ಟೆಸ್ಟ್ ಕಿಟ್, ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್, ಬ್ಯಾಟರಿಯ ಏರ್ ಪಂಪ್, ಮತ್ತು ಮೀನಿಗೆಂದೇ ತೆಗೆದಿಟ್ಟ ಎರಡು ಬಕೆಟ್. ಆ ಬಕೆಟ್‌ಗೆ ಯಾರೂ ಫಿನಾಯಿಲ್ ಹಾಕದಂತೆ ಮೇಲೆ ದೊಡ್ಡದಾಗಿ ಬರೆದಿಡಿ. ಟೆಸ್ಟ್ ಕಿಟ್ ದುಬಾರಿ ಅನಿಸುತ್ತದೆ, ಗೊತ್ತು. ಆದರೆ ಅದಿಲ್ಲದೆ ಮುಂದಿನದೆಲ್ಲ ಬರೀ ಊಹೆ.

ಮೀನು ಮೇಲೆ ಬಂದು ಏದುಸಿರು ಬಿಡುತ್ತಿದೆ

ಇದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಮೊದಲು ಕೊನೆಯ ಒಂದು ದಿನದಲ್ಲಿ ಮನೆಯಲ್ಲಿ ಏನಾಯಿತು ಅಂತ ನೆನಪು ಮಾಡಿಕೊಳ್ಳಿ.

ಕರೆಂಟ್ ಹೋಗಿತ್ತಾ? ಮುಂಬೈ ನಗರದೊಳಗೆ ಅಪರೂಪ. ಆದರೆ ಡೊಂಬಿವಲಿ, ಕಲ್ಯಾಣ್, ವಸಾಯಿ ಕಡೆಯವರಿಗೆ ಇದು ಹೊಸದಲ್ಲ. ಫಿಲ್ಟರ್ ನಿಂತರೆ ನೀರಿನ ಮೇಲ್ಮೈ ಕದಡುವುದಿಲ್ಲ, ಆಮ್ಲಜನಕ ಒಳಗೆ ಸೇರುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಇದು ಇನ್ನೂ ಕೆಟ್ಟದ್ದು. 25 ಡಿಗ್ರಿ ನೀರು ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ 7.6 ಅಷ್ಟೆ. ಅದೇ ಹೊತ್ತಿಗೆ ಬಿಸಿಯಿಂದ ಮೀನಿನ ಉಸಿರಾಟದ ಅಗತ್ಯ ಮಾತ್ರ ಏರಿರುತ್ತದೆ. ಬ್ಯಾಟರಿ ಪಂಪ್ ಹಚ್ಚಿ. ಅದಿಲ್ಲದಿದ್ದರೆ ಮಗ್ಗಿನಲ್ಲಿ ಟ್ಯಾಂಕ್‌ನ ನೀರನ್ನೇ ಎತ್ತಿ ಎತ್ತಿ ಸುರಿಯಿರಿ. ಹಳ್ಳಿಮದ್ದಿನ ಹಾಗೆ ಕಂಡರೂ ಕೆಲಸ ಮಾಡುತ್ತದೆ.

ಇನ್ನೊಂದು ಮಾತು. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕ್ ಹೊರಗಿಡುವ ಮುಚ್ಚಿದ ಡಬ್ಬದ ಫಿಲ್ಟರ್) ಹಲವು ಗಂಟೆ ಮುಚ್ಚಿದ ಹಾಗೇ ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಕೂಡಲೇ ಸುಮ್ನೆ ಸ್ವಿಚ್ ಹಾಕಬೇಡಿ. ಬಿಚ್ಚಿ, ಆ ನೀರು ಚೆಲ್ಲಿ, ಸ್ಪಾಂಜನ್ನು ಟ್ಯಾಂಕ್ ನೀರಿನಲ್ಲೇ ಜಾಲಾಡಿ, ಆಮೇಲೆ ಹಚ್ಚಿ.

ಮನೆಯಲ್ಲೋ ಪಕ್ಕದ ಫ್ಲ್ಯಾಟ್‌ನಲ್ಲೋ ಪೆಸ್ಟ್ ಕಂಟ್ರೋಲ್ ಆಯಿತಾ? ಸೊಳ್ಳೆ, ಜಿರಳೆಗೆ ಹೊಡೆಯುವ ಪೈರೆಥ್ರಾಯ್ಡ್ ಜಾತಿಯ ವಿಷ ಮೀನಿಗೆ ಅತಿ ಮಾರಕ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ತಳ್ಳುತ್ತದೆ ಅನ್ನುವುದು ಅನೇಕರಿಗೆ ಹೊಳೆಯುವುದಿಲ್ಲ. ಸೊಸೈಟಿಯಲ್ಲಿ ಫಾಗಿಂಗ್ ಅಂತ ನೋಟಿಸ್ ಬಂದ ದಿನ ಕಿಟಕಿ ಮುಚ್ಚಿ, ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹೊದಿಸಿ, ಏರ್ ಪಂಪ್ ನಿಲ್ಲಿಸಿ, ಫಿಲ್ಟರ್ ಮಾತ್ರ ಓಡಲಿ. ಈಗಾಗಲೇ ಹೊಡೆದಾಗಿದ್ದರೆ ಕೂಡಲೇ ಅರ್ಧ ನೀರು ಬದಲಿಸಿ, ಫಿಲ್ಟರ್‌ಗೆ ಹೊಸ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿ.

ಎರಡೂ ಅಲ್ಲದಿದ್ದರೆ ನೀರಿನ ಮೇಲ್ಮೈಯನ್ನು ಓರೆಯಾಗಿ ನೋಡಿ. ಎಣ್ಣೆಯಂಥ ಪದರ ಕಂಡರೆ ಅದೂ ಗಾಳಿಗೆ ತಡೆ. ಅಡುಗೆಮನೆಗೆ ಅಂಟಿದ ಹಾಲ್‌ನಲ್ಲಿ ಟ್ಯಾಂಕ್ ಇಟ್ಟವರಿಗೆ ಇದು ಮಾಮೂಲು. ಪೇಪರ್ ಟವೆಲ್ ಹಾಸಿ ತೆಗೆಯಿರಿ, ಫಿಲ್ಟರ್‌ನ ಬಾಯಿ ಮೇಲ್ಮೈ ಕದಡುವಂತೆ ತಿರುಗಿಸಿ.

ಇಷ್ಟಾದ ಮೇಲೆ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೊನ್ನೆ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ನೈಟ್ರೈಟ್ ಏರಿದ್ದರೆ ಮೀನಿನ ರಕ್ತ ಆಮ್ಲಜನಕ ಹೊರಲಾರದು, ನೀರಿನಲ್ಲಿ ಗಾಳಿ ಎಷ್ಟಿದ್ದರೂ ಅದು ಒದ್ದಾಡುತ್ತದೆ. ಆಗ ನೀರು ಬದಲಿಸಿ, ಲೀಟರಿಗೆ 1 ಗ್ರಾಂನಂತೆ ಕಲ್ಲುಪ್ಪನ್ನು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಅಂಶ ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದನ್ನು ತಡೆಯುತ್ತದೆ.

ನೀರು ಎಲ್ಲ ರೀತಿಯಲ್ಲೂ ಸರಿಯಿದ್ದು, ಒಂದೇ ಮೀನು ಒಂದು ಕಡೆಯ ಕಿವಿರು ಮುಚ್ಚಿಕೊಂಡು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಕಿವಿರಿನಲ್ಲಿ ಪರೋಪಜೀವಿ ಇರಬಹುದು. ಅದನ್ನು ಮೈಕ್ರೋಸ್ಕೋಪ್ ಇಲ್ಲದೆ ಗುರುತಿಸಲಾಗದು. ಇಲ್ಲಿ ಊಹೆ ನಿಲ್ಲಿಸಿ, ಮೀನು ನೋಡುವ ಪಶುವೈದ್ಯರನ್ನು ಹುಡುಕಿ.

ನೀರು ಬದಲಿಸಿದ ಮೇಲೆಯೇ ಮೀನು ಕೆಟ್ಟಿತು

"ಚೆನ್ನಾಗಿತ್ತು ಸಾರ್, ನೀರು ಬದಲಿಸಿದ್ದೇ ತಪ್ಪಾಯಿತು." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರು ಮುಂದೆ ನೀರು ಬದಲಿಸುವುದನ್ನೇ ಬಿಡುತ್ತಾರೆ, ತೊಂದರೆ ಇನ್ನೂ ಬೆಳೆಯುತ್ತದೆ. ಇಲ್ಲಿ ಎರಡು ಬೇರೆ ಬೇರೆ ಕಥೆಗಳಿವೆ, ಒಂದರೊಳಗೆ ಒಂದು ಕಲಸಬಾರದು.

ಮೊದಲನೆಯದು ಸುಲಭದ್ದು: ಕ್ಲೋರಿನ್. ನೀರು ಹಾಕಿದ ಕೆಲವೇ ನಿಮಿಷಗಳಲ್ಲಿ ಮೀನು ಹುಚ್ಚೆದ್ದು ಓಡುತ್ತದೆ, ಗಾಜಿಗೆ ಹಾಯುತ್ತದೆ, ಕಿವಿರು ಕೆಂಪಾಗುತ್ತದೆ. ಮಳೆಗಾಲದಲ್ಲಿ ಕೆರೆಯ ನೀರು ಕದಡಿದಾಗ ನಲ್ಲಿ ನೀರಿನ ಕ್ಲೋರಿನ್ ವಾಸನೆ ಒಮ್ಮೊಮ್ಮೆ ಮೂಗಿಗೇ ಹೊಡೆಯುತ್ತದಲ್ವಾ? ಅಂಥ ದಿನ ಆಂಟಿ ಕ್ಲೋರಿನ್ ಪ್ರಮಾಣ ಒಂದೂವರೆ ಪಟ್ಟು ಹಾಕಿದರೂ ಅಡ್ಡಿಯಿಲ್ಲ. ಅಂಗಡಿಯ ಅಗ್ಗದ ಆಂಟಿ ಕ್ಲೋರಿನ್ ಅಂದರೆ ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋದವರ ಹೈಪೋ. ಕೆಲಸ ಸರಿಯಾಗಿ ಮಾಡುತ್ತದೆ. ಬರೀ ಕ್ಲೋರಿನ್ ಆದರೆ ಬಕೆಟ್‌ನಲ್ಲಿ 24 ಗಂಟೆ ತೆರೆದಿಟ್ಟರೂ ಹಾರಿಹೋಗುತ್ತದೆ. ಆದರೆ ಒನ್ ರೂಮ್ ಕಿಚನ್‌ನಲ್ಲಿ ಅಷ್ಟು ಬಕೆಟ್ ಎಲ್ಲಿಡುವುದು?

ಎರಡನೆಯದು ಮೋಸದ್ದು. ಮೀನು ಹಾಯಾಗಿದೆ, ನೀರು ತಿಳಿಯಾಗಿದೆ, ಮನೆಯವರು ತಿಂಗಳುಗಟ್ಟಲೆ ಆವಿಯಾದಷ್ಟು ನೀರು ಮಾತ್ರ ತುಂಬುತ್ತಾ ಬಂದಿದ್ದಾರೆ. ಒಂದು ದಿನ ಅರ್ಧ ನೀರು ಬದಲಿಸುತ್ತಾರೆ. ಸಂಜೆಗೆ ಮೀನು ಅಡ್ಡ ಬೀಳುತ್ತದೆ.

ಆದದ್ದು ಇಷ್ಟು. ಭಾತ್ಸಾ, ತಾನ್ಸಾ, ವೈತರಣಾ, ವಿಹಾರ್, ತುಳಸಿ ಕೆರೆಗಳಿಂದ ಬರುವ ಮುಂಬೈ ಪಾಲಿಕೆಯ ನೀರು ಸಾಮಾನ್ಯವಾಗಿ ಮೆದು ನೀರು, ಕ್ಷಾರದ ಅಂಶ ಕಡಿಮೆ. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ಫಿಲ್ಟರ್‌ನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡುತ್ತದೆ. ಈ ಕೆಲಸಕ್ಕೆ ನೀರಿನ ಕ್ಷಾರ ಖರ್ಚಾಗುತ್ತದೆ. ದೊಡ್ಡ ಸಿಕ್ಲಿಡ್ ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಹೊಸ ನೀರು ಬರದಿದ್ದರೆ ಕ್ಷಾರ ಮುಗಿದು ಪಿಎಚ್ ಕುಸಿಯುತ್ತದೆ. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾ ಕೆಲಸ ಮಾಡುವುದೇ ಬಹುಪಾಲು ನಿಂತುಹೋಗುತ್ತದೆ. ಆಗ ಅಮೋನಿಯಾ ಸೇರತೊಡಗುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟು ವಿಷವಲ್ಲ. ಹಾಗಾಗಿ ಮೀನು ಹೇಗೋ ತಡೆದುಕೊಂಡಿರುತ್ತದೆ.

ಈಗ ಮೇ ತಿಂಗಳು. ಸೊಸೈಟಿಗೆ ಪಾಲಿಕೆ ನೀರು ಸಾಲದೆ ಟ್ಯಾಂಕರ್ ತರಿಸುತ್ತಾರೆ. ಬೋರ್‌ವೆಲ್ಲಿನ ಗಡಸು ನೀರು, ಪಿಎಚ್ ಹೆಚ್ಚು. ಅದೇ ನಲ್ಲಿ, ಅದೇ ಬಕೆಟ್, ಆದರೆ ನೀರು ಬೇರೆ. ಅದು ಟ್ಯಾಂಕ್‌ಗೆ ಬಿದ್ದಾಗ ಪಿಎಚ್ ಏರುತ್ತದೆ, ಅಮೋನಿಯಂ ಅಮೋನಿಯಾ ಆಗಿ ತಿರುಗುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ವಿಷಕಾರಿ ಅಮೋನಿಯಾದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟು ಹೆಚ್ಚುತ್ತದೆ. ಕೊಂದದ್ದು ಹೊಸ ನೀರಲ್ಲ, ಹಳೆಯ ನೀರಿನಲ್ಲಿ ತಿಂಗಳುಗಳಿಂದ ಕೂತಿದ್ದ ಬಾಕಿ.

ಪರೀಕ್ಷೆ ಸುಲಭ. ಟ್ಯಾಂಕ್‌ನ ಪಿಎಚ್ ನೋಡಿ, ನಲ್ಲಿಯ ಪಿಎಚ್ ನೋಡಿ, ಟ್ಯಾಂಕ್‌ನ ಅಮೋನಿಯಾ ನೋಡಿ. ಟ್ಯಾಂಕ್ 6ರ ಆಸುಪಾಸು, ನಲ್ಲಿ 7.5 ದಾಟಿ, ಅಮೋನಿಯಾ ಇದೆ ಅಂತಾದರೆ ದೊಡ್ಡ ಬದಲಾವಣೆ ಬೇಡವೇ ಬೇಡ. ದಿನಕ್ಕೆ ಹತ್ತನೇ ಒಂದು ಪಾಲು ಮಾತ್ರ ಬದಲಿಸಿ, ಅಮೋನಿಯಾ ಕಟ್ಟಿಹಾಕುವ ಕಂಡೀಷನರ್ ಜೊತೆಗೆ ಹಾಕಿ, ಊಟ ನಿಲ್ಲಿಸಿ. ಥಯೋಸಲ್ಫೇಟ್ ಅಮೋನಿಯಾವನ್ನು ಕಟ್ಟುವುದಿಲ್ಲ, ನೆನಪಿರಲಿ. ಪಿಎಚ್ ಏರಿಸಲು ಅಡುಗೆ ಸೋಡಾ ಸುರಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಟ್ಯಾಂಕರ್ ನೀರು ಮಾಡಿದ್ದನ್ನೇ ಅದೂ ಮಾಡುತ್ತದೆ.

ಅಮೋನಿಯಾ ಸೊನ್ನೆಗೆ ಬಂದ ಮೇಲೆ ಪಿಎಚ್ ಮತ್ತೆ ಬೀಳದಂತೆ ನೋಡಿಕೊಳ್ಳಲು ದುಡ್ಡು ಬೇಕಿಲ್ಲ. ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಎಸೆಯಬೇಡಿ. ಮಸಾಲೆ ತಾಗದ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದು ಹಿಡಿಯನ್ನು ಬಲೆಯ ಚೀಲದಲ್ಲಿ ಹಾಕಿ ಫಿಲ್ಟರ್‌ನಲ್ಲಿಡಿ. ನೀರು ಹುಳಿಯಾದಂತೆಲ್ಲ ಚಿಪ್ಪು ನಿಧಾನಕ್ಕೆ ಕರಗಿ ಕ್ಷಾರ ಕೊಡುತ್ತದೆ. ಮುಖ್ಯ ಮದ್ದು ಮಾತ್ರ ಒಂದೇ: ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಬದಲಿಸುವುದು. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್‌ನಲ್ಲಿ ಸುಮಾರು 255 ಲೀಟರ್ ಹಿಡಿಯುತ್ತದೆ. ಅಂದರೆ 20 ಲೀಟರಿನ ನಾಲ್ಕೈದು ಬಕೆಟ್. ತೆಗೆದ ನೀರು ಬಾಲ್ಕನಿಯ ತುಳಸಿಗೆ ಅಮೃತ. ಉಪ್ಪೋ ಔಷಧಿಯೋ ಹಾಕಿದ್ದರೆ ಮಾತ್ರ ಗಿಡಕ್ಕೆ ಬೇಡ.

ತಿನ್ನುತ್ತಿಲ್ಲ, ಮೂಲೆಯಲ್ಲಿ ಮಲಗಿದೆ

ಆಸ್ಕರ್ ಆದರೆ ಮೊದಲು ಕೇಳಿಕೊಳ್ಳಿ: ಟ್ಯಾಂಕ್‌ನೊಳಗಿನ ಕಲ್ಲು, ಮರದ ತುಂಡು ಏನಾದರೂ ಅದಲು ಬದಲು ಮಾಡಿದಿರಾ? ಈ ಮೀನು ಮುನಿಸಿಕೊಳ್ಳುತ್ತದೆ. ಜಾಗ ಬದಲಾದರೆ, ಜೊತೆಗಾರ ಹೋದರೆ, ಅಡ್ಡ ಮಲಗಿ ಸತ್ತಂತೆ ನಟಿಸುವುದೂ ಉಂಟು. ಉಸಿರಾಟ ನಿಧಾನವಾಗಿದ್ದು, ನೀರಿನ ಪರೀಕ್ಷೆ ಸರಿ ಬಂದರೆ ಎರಡು ಮೂರು ದಿನ ಸುಮ್ನೆ ಬಿಟ್ಟುಬಿಡಿ.

ಆಮೇಲೆ ಥರ್ಮಾಮೀಟರ್ ನೋಡಿ. ಈ ಮೀನುಗಳಿಗೆ 25ರಿಂದ 28 ಡಿಗ್ರಿ ಹಿತ. ಮುಂಬೈಯಲ್ಲಿ ವರ್ಷದ ಬಹುಭಾಗ ಹೀಟರ್ ಇಲ್ಲದೆಯೂ ನಡೆಯುತ್ತದೆ. ಪುಣೆಯವರ ಕಥೆ ಬೇರೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಟ್ಯಾಂಕ್ 20ರ ಕೆಳಗೆ ಬಂದರೆ ಮೀನು ಊಟ ಬಿಡುತ್ತದೆ, ಜೀರ್ಣವೂ ಆಗುವುದಿಲ್ಲ. ಲೀಟರಿಗೆ 1 ವಾಟ್ ಲೆಕ್ಕದಲ್ಲಿ ಹೀಟರ್ ಸಾಕು. ದೊಡ್ಡ ಮೀನಿನ ಟ್ಯಾಂಕ್‌ಗೆ ಪ್ಲಾಸ್ಟಿಕ್ ಕವಚ ಇರುವುದನ್ನೇ ಕೊಳ್ಳಿ.

ಹೊಟ್ಟೆ ದಪ್ಪಗಿದ್ದು ತಿನ್ನದಿದ್ದರೆ ಅಜೀರ್ಣ. ಎರಡು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿ. ಬೆಳೆದ ಸಿಕ್ಲಿಡ್ ವಾರದ ಮಟ್ಟಿಗೆ ಊಟವಿಲ್ಲದೆ ಆರಾಮಾಗಿ ಇರುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋಗಲು ಮತ್ಸ್ಯಗಂಧ ಹತ್ತುವವರು ಇದನ್ನು ನಂಬಬೇಕು. ಪಕ್ಕದ ಮನೆಯವರ ಕೈಗೆ ಪೂರ್ತಿ ಡಬ್ಬ ಕೊಟ್ಟು ಹೋದರೆ ಅವರು ಪ್ರೀತಿಯಿಂದಲೇ ಹಾಕಿ ಹಾಕಿ ನೀರು ಕೊಳೆಸುತ್ತಾರೆ. ಹೆಚ್ಚು ದಿನ ಹೋಗುವುದಾದರೆ ಒಂದೊಂದು ಸಲದ ಊಟವನ್ನು ಚಿಕ್ಕ ಪೊಟ್ಟಣ ಕಟ್ಟಿ, ಡಬ್ಬವನ್ನು ಬಚ್ಚಿಟ್ಟು ಹೋಗಿ.

ತಿನ್ನದೆ ಇರುವುದರ ಜೊತೆಗೆ ಬಿಳಿ, ದಾರದಂಥ ಮಲ ಕಂಡರೆ ಕರುಳಿನ ಪರೋಪಜೀವಿ ಇರುವ ಸಾಧ್ಯತೆಯಿದೆ. ಒಂದು ದಿನ ಕಂಡರೆ ಗಾಬರಿ ಬೇಡ, ಖಾಲಿ ಹೊಟ್ಟೆಯಲ್ಲೂ ಹಾಗೆ ಬರುತ್ತದೆ. ವಾರ ಕಳೆದೂ ಅದೇ ಇದ್ದು, ಬೆನ್ನು ಸೊರಗುತ್ತಿದ್ದರೆ ಮುಂದೆ ತಲೆಯ ಗುಂಡಿಯ ಭಾಗದಲ್ಲಿ ಬರೆದದ್ದನ್ನು ಓದಿ.

ನೀರು ಮಬ್ಬು

ಹಾಲು ಹನಿಸಿದಂಥ ಬಿಳಿ ಮಬ್ಬು ಹೊಸ ಟ್ಯಾಂಕ್‌ನಲ್ಲಿ ಸಹಜ. ಫಿಲ್ಟರ್ ಪಳಗಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ಕಡಿಮೆ ಊಟ, ಪದೇ ಪದೇ ಪರೀಕ್ಷೆ. ಹಳೆಯ ಟ್ಯಾಂಕ್‌ನಲ್ಲಿ ಬಿಳಿ ಮಬ್ಬು ಬಂದರೆ ಯಾರೋ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ತೊಳೆದಿರಬೇಕು, ಅಥವಾ ಕಲ್ಲಿನ ಹಿಂದೆ ಊಟ ಕೊಳೆಯುತ್ತಿರಬೇಕು. ಹಸಿರು ಅಂದರೆ ಬಿಸಿಲು, ಟ್ಯಾಂಕನ್ನು ಕಿಟಕಿಯಿಂದ ದೂರ ಸರಿಸಿ ಅಥವಾ ಪರದೆ ಹಾಕಿ. ಚಹಾ ಬಣ್ಣ ಮರದ ತುಂಡಿನದ್ದು, ಅದರಿಂದ ಮೀನಿಗೆ ಏನೂ ಆಗದು. ಆಸ್ಕರ್‌ನ ತವರಾದ ಅಮೆಜಾನ್ ಕಡೆಯ ಎಷ್ಟೋ ಹೊಳೆಗಳ ಬಣ್ಣವೂ ಅದೇ.

ತಲೆಯ ಮೇಲೆ ಗುಂಡಿಗಳು

ಮೊದಲು ಕನ್ನಡಕ ಹಾಕಿಕೊಂಡು ನೋಡಿ. ಆಸ್ಕರ್, ಫ್ಲವರ್‌ಹಾರ್ನ್ ಎರಡಕ್ಕೂ ಹುಟ್ಟಿನಿಂದಲೇ ಮುಖದ ಮೇಲೆ ಸಣ್ಣ ರಂಧ್ರಗಳಿರುತ್ತವೆ. ನೀರಿನ ಅಲುಗಾಟ ತಿಳಿಯುವ ಅಂಗ ಅದು. ಎರಡೂ ಬದಿ ಒಂದೇ ಸಮ, ಸೂಜಿಮೊನೆಯಷ್ಟು, ಅಂಚು ನಯ ಇದ್ದರೆ ಅದು ರೋಗವಲ್ಲ. ದಿನದಿನಕ್ಕೆ ಅಗಲವಾಗುತ್ತಾ, ಅಂಚು ಸವೆದು, ಬಿಳಿ ಲೋಳೆ ಬರುತ್ತಿದ್ದರೆ ಅದು ತಲೆಗುಂಡಿ ರೋಗ. ವಾರಕ್ಕೊಮ್ಮೆ ಅದೇ ಕೋನದಿಂದ ಫೋನ್‌ನಲ್ಲಿ ಫೋಟೋ ತೆಗೆದಿಡಿ. ಕಣ್ಣಳತೆ ಮೋಸ ಮಾಡುತ್ತದೆ.

ಇದಕ್ಕೆ ಒಂದೇ ಕಾರಣ ಅಂತಿಲ್ಲ. ಏರಿದ ನೈಟ್ರೇಟ್, ಒಂದೇ ಬಗೆಯ ಊಟ, ಇಕ್ಕಟ್ಟಿನ ಟ್ಯಾಂಕ್, ಜೊತೆಗೆ ಸ್ಪೈರೋನ್ಯೂಕ್ಲಿಯಸ್ ಅನ್ನುವ ಏಕಕೋಶ ಜೀವಿ. ಇವು ಒಂದಕ್ಕೊಂದು ಕೈ ಜೋಡಿಸುತ್ತವೆ. ಹಾಗಾಗಿ ಕ್ರಮ ಇದು: ನೈಟ್ರೇಟ್ ಅಳೆಯಿರಿ. ಲೀಟರಿಗೆ 40 ಮಿಲಿಗ್ರಾಂ ದಾಟಿದ್ದರೆ ವಾರಕ್ಕೆ ಎರಡು ಸಲ ನೀರು ಬದಲಿಸಿ 20ರ ಕೆಳಗೆ ತನ್ನಿ. ಅದಕ್ಕೂ ಮುಂಚೆ ಪಿಎಚ್ ನೋಡಿ, ಯಾಕೆ ಅಂತ ಮೇಲೆ ಹೇಳಿದೆ. ಫಿಲ್ಟರ್‌ನಲ್ಲಿ ಕಾರ್ಬನ್ ಸದಾ ಇಟ್ಟಿದ್ದರೆ ತೆಗೆಯಿರಿ, ಅದಕ್ಕೂ ಇದಕ್ಕೂ ನಂಟಿದೆ ಅಂತ ಅನೇಕ ಸಾಕಣೆದಾರರು ನಂಬುತ್ತಾರೆ, ತೆಗೆದರೆ ನಷ್ಟವೇನಿಲ್ಲ.

ಊಟ ನೋಡಿ. ಕುರ್ಲಾದ ಅಂಗಡಿಗಳಿಂದ ಜೀವಂತ ಗೋಲ್ಡ್‌ಫಿಶ್ ಮರಿ ತಂದು ಹಾಕುವ ಚಪಲ ಬಿಡಿ. ಬೇಟೆ ನೋಡಲು ಗೆಳೆಯರು ಸೇರುತ್ತಾರೆ, ನಿಜ. ಆದರೆ ಗೋಲ್ಡ್‌ಫಿಶ್‌ನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಮೇಲಾಗಿ ಆ ಇಕ್ಕಟ್ಟಿನ ಟ್ಯಾಂಕ್‌ಗಳಿಂದ ರೋಗವೂ ಜೊತೆಗೇ ಬರುತ್ತದೆ. ಒಳ್ಳೆಯ ಪೆಲೆಟ್ ಮುಖ್ಯ ಊಟವಾಗಲಿ. ಮನೆಗೆ ಸೀಗಡಿ ತಂದ ದಿನ, ಉಪ್ಪು-ಮಸಾಲೆ ತಾಗುವ ಮುಂಚೆ ಸುಲಿದ ಒಂದೆರಡು ತುಂಡು ಅದಕ್ಕೂ ಸಿಗಲಿ. ದಿನವೂ ಬೇಡ.

ನೀರು ಮತ್ತು ಊಟ ಸರಿಯಾದರೆ ಶುರುವಿನ ಗುಂಡಿಗಳು ಕೆಲವು ವಾರಗಳಲ್ಲಿ ನಿಲ್ಲುತ್ತವೆ. ಆಳದ ಗುಂಡಿಯ ಕಲೆ ಉಳಿಯುತ್ತದೆ. ನಿಲ್ಲದಿದ್ದರೆ, ಅಥವಾ ಬಿಳಿ ದಾರದ ಮಲವೂ ಇದ್ದರೆ, ಮೆಟ್ರೋನಿಡಜೋಲ್ ಎಂಬ ಔಷಧಿ ಬೇಕಾಗುತ್ತದೆ. ಮನುಷ್ಯರ ಮಾತ್ರೆಯನ್ನು ಅಂದಾಜಿಗೆ ಪುಡಿ ಮಾಡಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮೀನು ತಿನ್ನುತ್ತಿದ್ದರೆ ಊಟದಲ್ಲಿ ಬೆರೆಸಿ ಕೊಡುವುದು ಒಳ್ಳೆಯದು, ಪ್ರಮಾಣ ಮೀನಿನ ತೂಕದ ಮೇಲೆ. ಅದನ್ನು ಪಶುವೈದ್ಯರೇ ಹೇಳಬೇಕು. ನಾಯಿ ಬೆಕ್ಕಿನ ಡಾಕ್ಟರ್ "ಮೀನು ನೋಡಲ್ಲ" ಅಂದರೆ ಪರೇಲ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ಯಾರು ನೋಡುತ್ತಾರೆ ಅಂತ ವಿಚಾರಿಸಿ ನೋಡಿ.

ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ

ಇದು ಇಕ್ ಎಂಬ ಪರೋಪಜೀವಿ ರೋಗ. ಹೊಸ ಮೀನು ತಂದ ಮೇಲೆ, ಅಥವಾ ಚಳಿಗಾಲದಲ್ಲಿ ನೀರಿನ ಶಾಖ ಏರುಪೇರಾದಾಗ ಬರುತ್ತದೆ. ಚುಕ್ಕೆಯೊಳಗಿರುವ ಪರೋಪಜೀವಿಗೆ ಯಾವ ಔಷಧಿಯೂ ತಾಗುವುದಿಲ್ಲ. ಅದು ಉದುರಿ, ಒಡೆದು, ಮರಿಗಳು ನೀರಿನಲ್ಲಿ ಈಜುವಾಗಲೇ ಸಾಯುವುದು. ಹಾಗಾಗಿ ಚುಕ್ಕೆ ಮಾಯವಾಯಿತು ಅಂತ ಮೂರನೇ ದಿನ ಚಿಕಿತ್ಸೆ ನಿಲ್ಲಿಸಿದರೆ ಮತ್ತೆ ಇಮ್ಮಡಿಯಾಗಿ ಬರುತ್ತದೆ.

ನೀರಿನ ಶಾಖವನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಗಾಳಿ ಜಾಸ್ತಿ ಬಿಡಿ. ಲೀಟರಿಗೆ 2 ಗ್ರಾಂ ಕಲ್ಲುಪ್ಪನ್ನು ಎರಡು ದಿನದಲ್ಲಿ ಹಂಚಿ ಹಾಕಿ. ದೊಡ್ಡ ಸಿಕ್ಲಿಡ್‌ಗಳು ಇದನ್ನು ತಡೆದುಕೊಳ್ಳುತ್ತವೆ, ಜೊತೆಗೆ ಪ್ಲೆಕೋದಂಥ ಬೆಕ್ಕುಮೀನಿದ್ದರೆ ಅರ್ಧ ಪ್ರಮಾಣ ಸಾಕು. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಹತ್ತು ದಿನವಾದರೂ ಕಡಿಮೆಯಾಗದಿದ್ದರೆ ಆಗ ಮಾತ್ರ ಬಾಟಲಿಯ ಔಷಧಿ. ಲೇಬಲ್‌ನಲ್ಲಿ ಮ್ಯಾಲಕೈಟ್ ಗ್ರೀನ್ ಅಂತಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಕೈಗೆ ಸಿಗದಂತಿಡಿ.

ಕಣ್ಣು ಮಂಜು, ಅಥವಾ ಹೊರಬಂದಿದೆ

ಒಂದೇ ಕಣ್ಣಾದರೆ ಏಟು. ರಾತ್ರಿ ದಿಢೀರ್ ಲೈಟ್ ಹಾಕಿದಾಗ ಮೀನು ಬೆದರಿ ಕಲ್ಲಿಗೆ ಗುದ್ದಿರುತ್ತದೆ. ಚೂಪು ಕಲ್ಲು ತೆಗೆಯಿರಿ, ನೀರು ಶುದ್ಧವಾಗಿಡಿ, ತಾನೇ ಇಳಿಯುತ್ತದೆ. ಎರಡೂ ಕಣ್ಣಾದರೆ ನೀರೋ, ಒಳಗಿನ ಸೋಂಕೋ. ನೀರು ಸರಿಯಿದ್ದರೆ ವೈದ್ಯರು.

ಹೊಟ್ಟೆ ಊದಿ ಹುರುಪೆ ಎದ್ದು ನಿಂತಿವೆ

ಮೇಲಿನಿಂದ ನೋಡಿ. ಹುರುಪೆಗಳೆಲ್ಲ ಸೆಟೆದು ನಿಂತಿದ್ದರೆ ಮೂತ್ರಪಿಂಡ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಈ ಹಂತದಿಂದ ಮರಳುವ ಮೀನು ಕಡಿಮೆ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದಿಲ್ಲ. ಬೇರೆ ಟ್ಯಾಂಕ್‌ಗೆ ತೆಗೆದಿಟ್ಟು ಅದೇ ದಿನ ವೈದ್ಯರನ್ನು ಕೇಳಿ. ಉಳಿಯದು ಅಂತಾದರೆ ನೋವಿಲ್ಲದೆ ಕಳುಹಿಸಿಕೊಡುವ ದಾರಿಯನ್ನೂ ಅವರಿಂದಲೇ ಕೇಳಿ. ಕಮೋಡ್‌ಗೆ ಹಾಕುವುದು, ಫ್ರೀಜರ್‌ನಲ್ಲಿಡುವುದು ಎರಡೂ ಕ್ರೂರ.

ಕಚ್ಚಾಟ, ಹರಿದ ರೆಕ್ಕೆ

ಇಲ್ಲಿ ರೋಗ ಹುಡುಕಬೇಡಿ. ಎರಡು ಮೀನು ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದು ಬಲ ನೋಡಿಕೊಳ್ಳುವ ರೀತಿ. ಜೋಡಿ ಕಟ್ಟುವಾಗಲೂ ಹೀಗೆ ಮಾಡುತ್ತವೆ. ಒಂದು ಸದಾ ಮೂಲೆಯಲ್ಲಿ, ಇನ್ನೊಂದು ಅಟ್ಟಿಸಿಕೊಂಡು ಬಂದರೆ ಅದು ಜೋಡಿಯಲ್ಲ, ಕೊಲೆಯ ಶುರು. ನಡುವೆ ಅಡ್ಡ ಜಾಲರಿ ಹಾಕಿ. ಚಪ್ಪಟೆ ಕಲ್ಲನ್ನು ಉಜ್ಜಿ ಉಜ್ಜಿ ಹಸನು ಮಾಡುತ್ತಿದ್ದರೆ ಮೊಟ್ಟೆಯ ಕಾಲ, ಆಗ ನಿಮ್ಮ ಕೈಯನ್ನೂ ಕಚ್ಚುತ್ತದೆ. ಬೆಳೆದ ಫ್ಲವರ್‌ಹಾರ್ನ್ ಅಂತೂ ಒಂಟಿಯಾಗೇ ಇರಲಿ. ಅದು 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೆರಕೆ ಮಾಡಿ ಬೆಳೆಸಿದ ಮೀನು, ಸ್ವಭಾವದಲ್ಲೇ ಜಗಳಗಂಟ.

ಹರಿದ ರೆಕ್ಕೆ ಶುದ್ಧ ನೀರಿನಲ್ಲಿ ತಾನೇ ಬೆಳೆಯುತ್ತದೆ. ಅಂಚಿನಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಬಂದರೆ ಉಪ್ಪು, ಅದು ಮೈಗೆ ಹಬ್ಬಿದರೆ ವೈದ್ಯರು.

ಸ್ಟ್ಯಾಂಡ್ ಕೆಳಗೆ ತೇವ

ಮೊದಲು ಪ್ಲಗ್‌ಗಳನ್ನು ಕೀಳಿ. ಟಿಶ್ಯೂ ಪೇಪರ್ ಹಿಡಿದು ಮೇಲಿನಿಂದ ಕೆಳಗೆ ಒರೆಸುತ್ತಾ ಬನ್ನಿ. ಬಹಳ ಸಲ ಅದು ಏರ್ ಪೈಪ್‌ನಿಂದ ಹಿಂದಕ್ಕೆ ಇಳಿದ ನೀರು, ಚಿಕ್ಕದೊಂದು ಚೆಕ್ ವಾಲ್ವ್ ಹಾಕಿದರೆ ಮುಗಿಯಿತು. ಕ್ಯಾನಿಸ್ಟರ್‌ನ ರಬ್ಬರ್ ರಿಂಗ್ ಒಣಗಿರಬಹುದು, ಅದೂ ಅಗ್ಗ. ಗಾಜಿನ ಜೋಡಣೆಯಿಂದಲೇ ಹನಿ ಬರುತ್ತಿದ್ದರೆ ಹೊರಗಿನಿಂದ ಸಿಲಿಕೋನ್ ಮೆತ್ತುವುದು ಬರೀ ಸಮಾಧಾನ. ಸೋರುವ ಜಾಗಕ್ಕಿಂತ ಕೆಳಗೆ ನೀರು ಇಳಿಸಿ, ಮೀನನ್ನು ಏರ್ ಪಂಪ್ ಇರುವ ದೊಡ್ಡ ಡ್ರಮ್‌ಗೆ ಹಾಕಿ ಮುಚ್ಚಿ, ಟ್ಯಾಂಕ್ ಕಟ್ಟುವವರನ್ನು ಕರೆಯಿರಿ. ಗಾಜಿನ ನಡುವೆ ಬಿರುಕು ಕಂಡರೆ ರಿಪೇರಿಯ ಮಾತೇ ಬೇಡ. ಕೆಳಗಿನ ಮನೆಯ ಸೀಲಿಂಗ್ ನೆನೆದರೆ ಸೊಸೈಟಿ ಮೀಟಿಂಗ್‌ನಲ್ಲಿ ನಿಮ್ಮ ಹೆಸರೇ ಮೊದಲ ವಿಷಯ.

ಎಲ್ಲ ಮಾಡಿದರೂ ತೊಂದರೆ ಮತ್ತೆ ಮತ್ತೆ ಬರುತ್ತಿದೆ

ಹಾಗಾದರೆ ಅಳತೆ ಪಟ್ಟಿ ತನ್ನಿ. ಅಂಗಡಿಯಲ್ಲಿ ಎರಡು ಇಂಚಿದ್ದ ಆಸ್ಕರ್ ಮರಿ ಒಂದೇ ವರ್ಷದಲ್ಲಿ 20–25 ಸೆಂಟಿಮೀಟರ್ ಆಗುತ್ತದೆ, ಮುಂದೆ 30ರ ಆಸುಪಾಸಿಗೆ ಬರುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್‌ನಲ್ಲಿ 57 ಲೀಟರ್ ನೀರು. ಅಷ್ಟರಲ್ಲಿ ಅದು ತಿರುಗಲೂ ಆಗದು, ಅಮೋನಿಯಾ ನಿಯಂತ್ರಣಕ್ಕೂ ಬಾರದು. "ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ" ಅಂತ ಮಾರುವವರು ಹೇಳುತ್ತಾರೆ. ಬೆಳವಣಿಗೆ ಕುಗ್ಗುವುದು ನಿಜ, ಆದರೆ ಕೆಟ್ಟ ನೀರಿನಿಂದ ಮೀನು ಕುಂಠಿತವಾಗಿದೆ ಅಂತ ಅದರ ಅರ್ಥ. ಒಂಟಿ ಆಸ್ಕರ್‌ಗೆ 4 ಅಡಿಯ, ಸುಮಾರು 250–300 ಲೀಟರ್ ಟ್ಯಾಂಕ್ ಕನಿಷ್ಠ. ಜೋಡಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, ಅಂದರೆ ಸುಮಾರು 450 ಲೀಟರ್.

ಆಗ ತೂಕದ ಲೆಕ್ಕ ಬರುತ್ತದೆ. ನೀರೇ 450 ಕಿಲೋ, 10–12 ಮಿಲಿಮೀಟರ್ ಗಾಜು, ಸ್ಟ್ಯಾಂಡ್, ಕಲ್ಲು ಸೇರಿ ಅರ್ಧ ಟನ್ ಮೀರುತ್ತದೆ. ಬಾಲ್ಕನಿಯಲ್ಲಿ ಖಂಡಿತ ಇಡಬೇಡಿ. ತೊಲೆ ಹಾದುಹೋಗುವ ಗೋಡೆಗೆ ತಾಗಿಸಿ ಇಡಿ. ಹಳೆಯ ಚಾಳ್ ಅಥವಾ ದುರಸ್ತಿಗೆ ಬಂದ ಕಟ್ಟಡವಾದರೆ ಸ್ಟ್ರಕ್ಚರಲ್ ಎಂಜಿನಿಯರ್‌ನನ್ನು ಕೇಳದೆ ಬೇಡ.

ಅಷ್ಟು ಜಾಗವಿಲ್ಲ, ಅಷ್ಟು ನೀರು ಹೊರಲು ಆಗದು ಅಂದರೆ ಅದರಲ್ಲಿ ನಾಚಿಕೆಯೇನಿಲ್ಲ. ದೊಡ್ಡ ಟ್ಯಾಂಕ್ ಇರುವ ಸಾಕಣೆದಾರರಿಗೆ ಕೊಡಿ, ಅಥವಾ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಪವಾಯಿ ಕೆರೆಗೋ ಊರಿನ ಹೊಳೆಗೋ ಬಿಡುವುದು ಮಾತ್ರ ಬೇಡ. ನಮ್ಮ ದೇಶಕ್ಕೆ ತನ್ನದೇ ಸಿಕ್ಲಿಡ್‌ಗಳು ಮೂರೇ ಜಾತಿ ಇರುವುದು. ಗೋವಾದವರು ಕಲುಂದರ್ ಅನ್ನುವ ಕರಿಮೀನು ಅದರಲ್ಲಿ ಒಂದು. ಇನ್ನೊಂದು, ಎಟ್ರೋಪ್ಲಸ್ ಕೆನರೆನ್ಸಿಸ್, ಹೆಸರಿನಲ್ಲೇ ಕೆನರಾ ಇಟ್ಟುಕೊಂಡ, ನಮ್ಮ ದಕ್ಷಿಣ ಕನ್ನಡದ ಕಡೆಯ ಹೊಳೆಗಳಲ್ಲಿ ಮಾತ್ರ ಬದುಕುವ ಮೀನು. ಬೆರಕೆ ಫ್ಲವರ್‌ಹಾರ್ನ್ ಆ ನೀರಿಗೆ ಇಳಿದರೆ ನಮ್ಮ ಈ ಮೀನಿನ ಮೊಟ್ಟೆ ಮರಿಯನ್ನು ಉಳಿಸುವುದಿಲ್ಲ. ಕೊಡಲು ಯಾರೂ ಸಿಗದಿದ್ದರೆ ಸಿಗುವ ತನಕ ಊಟ ಅರ್ಧ ಮಾಡಿ, ವಾರಕ್ಕೆ ಎರಡು ಸಲ ನೀರು ಬದಲಿಸುತ್ತಾ ಇರಿ.